ಸೆಬಾದ ಬೆಳದಿಂಗಳು: ಒಂದು ಅಚ್ಚುಚಿತ್ರದ ಮರುಓದು

ಕಳೆದ ವರ್ಷ ನನ್ನ ಸಂಶೋಧನೆಯ ಒಂದು ಅಧ್ಯಾಯದ ಕರಡನ್ನು ಮಾರ್ಗದರ್ಶಕರಿಗೆ ಕೊಟ್ಟಿದ್ದೆ. ನಿಸರ್ಗವರ್ಣನೆಯನ್ನು ನಮ್ಮ ವಿಮರ್ಶೆ ಹೇಗೆ ಓದುತ್ತದೆ ಎಂಬುದು ಆ ಅಧ್ಯಾಯದ ವಿಷಯ. ಹೋಲಿಕೆಗೆಂದು ಹತ್ತೊಂಬತ್ತನೆಯ ಶತಮಾನದ ಜಪಾನಿನ ಒಂದು ಮರದಚ್ಚಿನ ಚಿತ್ರವನ್ನು ತಂದಿದ್ದೆ: ಉತಗಾವಾ ಹಿರೋಶಿಗೆಯ ‘ಸೆಬಾ’. ಅದರ ಬಗ್ಗೆ ನಾನು ಬರೆದಿದ್ದ ಮೊದಲ ವಾಕ್ಯ ಇಷ್ಟೇ: ‘ಇದು ಪ್ರಶಾಂತವಾದ ನದೀತೀರದ ದೃಶ್ಯ.’ ಕರಡು ಮರಳಿ ಬಂದಾಗ ‘ಪ್ರಶಾಂತ’ ಎಂಬ ಪದಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಸುತ್ತು ಹಾಕಿತ್ತು. ಅಂಚಿನಲ್ಲಿ ಒಂದೇ ಪದ: ‘ಯಾರಿಗೆ?’

ಮೊದಲಿಗೆ ಇದು ಮೇಷ್ಟರ ಕೊಂಕು ಎಂದುಕೊಂಡೆ. ಚಿತ್ರ ಪ್ರಶಾಂತವಾಗಿಯೇ ಇದೆ. ಯಾರು ನೋಡಿದರೂ ಹಾಗೆಯೇ ಹೇಳುತ್ತಾರೆ. ಆದರೆ ಆ ಪ್ರಶ್ನೆ ಬಿಡಲಿಲ್ಲ. ಅಧ್ಯಾಯ ಮುಂದಕ್ಕೆ ಹೋಗದೆ ನಾನು ಹಲವು ದಿನ ಆ ಒಂದೇ ಚಿತ್ರದ ಮುಂದೆ ಕೂತೆ. ಬೇರೆ ಬೇರೆ ಸಂಗ್ರಹಾಲಯಗಳು ಜಾಲದಲ್ಲಿ ಇಟ್ಟಿರುವ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಆ ನೋಟದಿಂದ ಹುಟ್ಟಿದ್ದು ಈ ಬರಹ.

ಚಿತ್ರವನ್ನು ನೋಡದವರಿಗಾಗಿ ಮೊದಲು ಅದರಲ್ಲಿ ಏನಿದೆ ಎಂದು ಹೇಳುತ್ತೇನೆ. ಕಾಗದ ದೊಡ್ಡದೇನಲ್ಲ, ಸುಮಾರು 25 ಸೆಂಟಿಮೀಟರ್ ಎತ್ತರ, 37 ಸೆಂಟಿಮೀಟರ್ ಅಗಲ. ಸಂಜೆ ಮುಗಿದು ರಾತ್ರಿ ಇಳಿಯುವ ಹೊತ್ತು. ದಡದ ಮೇಲೆ ತೆಳ್ಳಗಿನ ವಿಲೋ ಮರಗಳು. ಅವುಗಳ ಕೊಂಬೆಗಳು ಗಾಳಿಗೆ ವಾಲಿವೆ. ಆ ಕೊಂಬೆಗಳ ಹಿಂದೆ ದುಂಡಗಿನ ದೊಡ್ಡ ಚಂದ್ರ. ನದಿಯಂಚಿನಲ್ಲಿ ಜೊಂಡು. ನೀರಿನ ಮೇಲೆ ಒಂದು ದೋಣಿ, ಒಂದು ತೆಪ್ಪ. ದೋಣಿಯ ತುಂಬ ಸೌದೆ ಪುರಳೆ. ದೋಣಿಯ ಮೇಲೊಬ್ಬ, ತೆಪ್ಪದ ಮೇಲೊಬ್ಬ, ಉದ್ದನೆಯ ಗಳ ಹಾಕಿ ನೀರಿನ ತಳವನ್ನು ಒತ್ತಿ ಮುಂದಕ್ಕೆ ಸಾಗುತ್ತಿದ್ದಾರೆ. ಅಷ್ಟೇ. ಬೇರೆ ಘಟನೆ ಏನೂ ಇಲ್ಲ.

ನನ್ನ ಮೊದಲ ಟಿಪ್ಪಣಿಯಲ್ಲಿ ಚಂದ್ರ ಇದ್ದ, ಮರ ಇತ್ತು, ನದಿ ಇತ್ತು, ‘ಎರಡು ದೋಣಿಗಳು’ ಇದ್ದವು. ಸೌದೆ ಇರಲಿಲ್ಲ. ಎರಡರಲ್ಲಿ ಒಂದು ತೆಪ್ಪ ಎಂಬುದನ್ನೂ ಗಮನಿಸಿರಲಿಲ್ಲ. ಅಂದರೆ ಚಿತ್ರದಲ್ಲಿ ಕೆಲಸಕ್ಕೆ ಸಂಬಂಧಿಸಿದ್ದನ್ನೆಲ್ಲ ನನ್ನ ಕಣ್ಣು ತಾನಾಗಿಯೇ ಬಿಟ್ಟುಬಿಟ್ಟಿತ್ತು. ‘ಪ್ರಶಾಂತ’ ಎಂಬ ಪದ ಮೊದಲೇ ಸಿದ್ಧವಾಗಿತ್ತು. ಆ ಪದಕ್ಕೆ ಹೊಂದುವಷ್ಟನ್ನು ಮಾತ್ರ ನೋಡಿದ್ದೆ. ಶಾಲೆಯಿಂದಲೂ ನಮಗೆ ಆಗಿರುವ ಅಭ್ಯಾಸ ಇದು. ಪದ್ಯದಲ್ಲಿ ಹೊಳೆ, ಬೆಟ್ಟ, ಬೆಳದಿಂಗಳು ಬಂದರೆ ಸಾಕು, ‘ಕವಿ ಪ್ರಕೃತಿಯ ಸೊಬಗನ್ನು ಸೊಗಸಾಗಿ ವರ್ಣಿಸಿದ್ದಾನೆ’ ಎಂದು ಬರೆದು ಅಂಕ ಪಡೆದವರು ನಾವು.

ಸೆಬಾ ಎಂಬುದು ಒಂದು ಊರು. ಈಗ ಜಪಾನಿನ ನಾಗಾನೊ ಪ್ರಾಂತದ ಶಿಯೊಜಿರಿ ನಗರಕ್ಕೆ ಸೇರಿದೆ. ಆಗ ಅದು ಹೆದ್ದಾರಿಯ ತಂಗುದಾಣವಾಗಿತ್ತು. ಎದೊ, ಅಂದರೆ ಇಂದಿನ ಟೋಕಿಯೊದಿಂದ ಕ್ಯೋಟೊಗೆ ಹೋಗಲು ಎರಡು ಮುಖ್ಯ ದಾರಿಗಳಿದ್ದವು. ಒಂದು ಕರಾವಳಿಗುಂಟ ಸಾಗುವ ತೊಕಾಯ್ದೊ. ಇನ್ನೊಂದು ಬೆಟ್ಟಗಳ ನಡುವೆ ಹಾಯುವ ನಾಕಾಸೆಂದೊ. ಕಿಸೊ ಕಣಿವೆಯ ಮೂಲಕ ಹೋಗುವುದರಿಂದ ಎರಡನೆಯದಕ್ಕೆ ಕಿಸೊಕಾಯ್ದೊ ಎಂಬ ಹೆಸರೂ ಇತ್ತು. ಸುಮಾರು 530 ಕಿಲೋಮೀಟರಿನ ಈ ದಾರಿಯಲ್ಲಿ 69 ತಂಗುದಾಣಗಳು. ಅವುಗಳಲ್ಲಿ ಸೆಬಾ ಮೂವತ್ತೊಂದನೆಯದು. ಅದರ ಬಳಿ ಹರಿಯುವುದು ನರಾಯ್ ನದಿ.

1830ರ ದಶಕದ ಆರಂಭದಲ್ಲಿ ಹಿರೋಶಿಗೆ ತೊಕಾಯ್ದೊ ದಾರಿಯ ಐವತ್ಮೂರು ತಂಗುದಾಣಗಳ ಚಿತ್ರಮಾಲೆ ಮಾಡಿ ಹೆಸರಾಗಿದ್ದ. ಅದನ್ನು ಹೊರತಂದ ಪ್ರಕಾಶಕ ತಾಕೆನೌಚಿಗೆ ಇನ್ನೊಂದು ದಾರಿಯ ಮಾಲೆಯನ್ನೂ ತರುವ ಆಸೆಯಾಯಿತು. 1835ರಲ್ಲಿ ಆ ಕೆಲಸ ಶುರು ಮಾಡಿದವನು ಕೇಸಾಯ್ ಏಸೆನ್ ಎಂಬ ಮತ್ತೊಬ್ಬ ಕಲಾವಿದ. ಅವನು 24 ಚಿತ್ರ ಮಾಡಿದ ಮೇಲೆ ಕೆಲಸ ಹಿರೋಶಿಗೆಯ ಕೈಗೆ ಬಂತು. ಉಳಿದ 47 ಅವನವು. ನಡುವೆ ಇಸೆಯಾ ರಿಹೆ ಎಂಬ ಇನ್ನೊಬ್ಬ ಪ್ರಕಾಶಕನೂ ಸೇರಿಕೊಂಡ. ಹೀಗೆ ‘ಸೆಬಾ’ ಒಂಟಿಯಾಗಿ ಹುಟ್ಟಿದ ಕಲಾಕೃತಿಯಲ್ಲ. ಅದೊಂದು ಮಾರಾಟದ ಮಾಲೆಯ ಒಂದು ಹಾಳೆ. ಎದೊ ನಗರದ ಸಾಮಾನ್ಯ ಜನ ಕೊಳ್ಳಬಹುದಾದ ಬೆಲೆಯ, ದಾರಿಯ ನೆನಪಿಗೋ ಹೋಗಲಾಗದ ದಾರಿಯ ಕನಸಿಗೋ ಮನೆಗೆ ಒಯ್ಯಬಹುದಾದ ಹಾಳೆ.

ಇಷ್ಟು ಓದಿದ ಮೇಲೆ ಸಂಶೋಧನಾ ವಿದ್ಯಾರ್ಥಿಗೆ ಸಹಜವಾದ ಒಂದು ಆಸೆ ನನ್ನಲ್ಲೂ ಹುಟ್ಟಿತು. ಇಸವಿಗಳನ್ನು ಪಕ್ಕಪಕ್ಕ ಇಟ್ಟೆ. ಜಪಾನಿನ ಚರಿತ್ರೆಯಲ್ಲಿ 1833ರಿಂದ 1837ರವರೆಗಿನ ಕಾಲ ತೆಂಪೊ ಬರಗಾಲದ ಕಾಲ. ಚಳಿ, ಮಳೆ, ಬೆಳೆನಾಶ. ಈಶಾನ್ಯ ಜಪಾನಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಜನ ಸತ್ತರು. ಅಕ್ಕಿಯ ಬೆಲೆ ಏರಿತು, ಹಲವೆಡೆ ದಂಗೆಗಳಾದವು. 1837ರಲ್ಲಿ ಒಸಾಕಾದಲ್ಲಿ ಒಶಿಯೊ ಹೆಯ್ಹಾಚಿರೊ ಎಂಬ ಮಾಜಿ ಅಧಿಕಾರಿ, ಅವನು ವಿದ್ವಾಂಸನೂ ಹೌದು, ಹಸಿದವರ ಪರವಾಗಿ ಬಂಡೆದ್ದ. ಬಂಡಾಯ ಬೇಗನೆ ಅಡಗಿತು, ಆದರೆ ಆ ಗಲಭೆಯ ಬೆಂಕಿಯಲ್ಲಿ ನಗರದ ದೊಡ್ಡ ಭಾಗ ಸುಟ್ಟುಹೋಯಿತು. ಕಿಸೊಕಾಯ್ದೊ ಮಾಲೆ ಆರಂಭವಾದದ್ದೇ ಆ ಬರಗಾಲದ ನಡುವೆ.

ನನಗೆ ವಾಕ್ಯ ಸಿಕ್ಕಿಬಿಟ್ಟಿತು: ‘ಹಸಿವಿನ ಮೇಲೆ ಹೊದಿಸಿದ ಬೆಳದಿಂಗಳು.’ ಬರೆದೂಬಿಟ್ಟೆ. ಎರಡು ದಿನ ಅದನ್ನು ನೋಡಿ ಹಿಗ್ಗಿದೆ. ಮೂರನೆಯ ದಿನ ಹೊಡೆದುಹಾಕಿದೆ.

ಏಕೆಂದರೆ ಆ ವಾಕ್ಯಕ್ಕೆ ಚಿತ್ರದಲ್ಲಿ ಆಧಾರವಿರಲಿಲ್ಲ. ಸೆಬಾದಲ್ಲಿ ಹಸಿವು ಕಾಣುವುದಿಲ್ಲ. ಹಸಿವನ್ನು ಮುಚ್ಚಿಟ್ಟ ಗುರುತೂ ಕಾಣುವುದಿಲ್ಲ. ಚರಿತ್ರೆಯ ಪುಸ್ತಕದಿಂದ ಬರಗಾಲವನ್ನು ತಂದು ಚಿತ್ರದ ಮೇಲೆ ಅಂಟಿಸಿದವನು ನಾನು. ಇನ್ನೂ ಒಂದು ಮುಜುಗರವಿತ್ತು. ಸತ್ತ ರೈತರನ್ನು ನಾನು ನೆನೆದದ್ದು ಅವರಿಗಾಗಿ ಅಲ್ಲ, ನನ್ನ ವಾಕ್ಯಕ್ಕೆ ತೂಕ ಬರಲಿ ಎಂದು. ಮೊದಲ ಸಲ ‘ಪ್ರಶಾಂತ’ ಎಂದು ಬರೆದು ಸೌದೆಯನ್ನು ಕಾಣದೆ ಹೋಗಿದ್ದೆ. ಈಗ ‘ಬರಗಾಲ’ ಎಂದು ಬರೆದು ಮತ್ತೆ ಅದೇ ಸೌದೆಯನ್ನು ದಾಟಿ ಹೋಗಿದ್ದೆ. ಎರಡೂ ಓದುಗಳಲ್ಲಿ ದೋಣಿಯವನಿಗೆ ಜಾಗವಿರಲಿಲ್ಲ. ಒಂದರಲ್ಲಿ ಅವನು ಅಲಂಕಾರ, ಇನ್ನೊಂದರಲ್ಲಿ ಸಾಕ್ಷಿ. ಅವನು ಏನು ಮಾಡುತ್ತಿದ್ದಾನೆ ಎಂದು ಮಾತ್ರ ನಾನು ಎರಡು ಸಲವೂ ಕೇಳಿರಲಿಲ್ಲ.

ಅವನು ಗಳ ಒತ್ತುತ್ತಿದ್ದಾನೆ. ಇದನ್ನು ಸ್ವಲ್ಪ ನಿಂತು ನೋಡಬೇಕು. ಗಳ ಹಾಕಿ ದೋಣಿ ನಡೆಸುವುದು ತೋಳಿನ ಕೆಲಸವಲ್ಲ, ಇಡೀ ಮೈಯ ಕೆಲಸ. ಗಳವನ್ನು ತಳಕ್ಕೆ ಊರಿ, ಅದರ ಮೇಲೆ ಮೈಭಾರ ಬಿಟ್ಟು, ಬಾಗಿ, ದೋಣಿ ಮುಂದೆ ಹೋದಂತೆ ಗಳವನ್ನು ಕಿತ್ತುಕೊಂಡು ಮತ್ತೆ ಊರಬೇಕು. ದೋಣಿ ಖಾಲಿ ಇದ್ದರೆ ಒಂದು ಮಾತು. ಇದರಲ್ಲಿ ಹೊರೆ ಇದೆ. ಹೊತ್ತು ಮುಳುಗಿದೆ, ಗಾಳಿ ಇದೆ. ಸೌದೆ ಎಲ್ಲೋ ಮುಟ್ಟಬೇಕು. ಎಲ್ಲೋ ಒಂದು ಒಲೆ ಕಾಯುತ್ತಿದೆ. ಇಬ್ಬರ ಗಮನವೂ ಗಳದ ಮೇಲೆ, ನೀರಿನ ಮೇಲೆ. ಅಷ್ಟು ದೊಡ್ಡ ಚಂದ್ರ ಅವರ ಊರಿನ ಮೇಲೆಯೇ ಬಂದಿದ್ದರೂ ಅದನ್ನು ನೋಡುತ್ತ ನಿಂತವರು ಈ ಚಿತ್ರದಲ್ಲಿ ಯಾರೂ ಇಲ್ಲ.

ಜಪಾನಿನಲ್ಲಿ ಚಂದ್ರನನ್ನು ನೋಡುವುದಕ್ಕೆ ದೊಡ್ಡ ಪರಂಪರೆಯೇ ಇದೆ ಎಂಬುದು ನೆನಪಿದ್ದರೆ ಈ ಮಾತಿನ ಬಿಸಿ ತಟ್ಟೀತು. ಕವಿ ಬಾಶೋ 1688ರಲ್ಲಿ ಸರಶಿನದ ಬೆಟ್ಟದ ಮೇಲಿನ ಹುಣ್ಣಿಮೆ ನೋಡಲೆಂದೇ ಇದೇ ಕಿಸೊ ದಾರಿಯಲ್ಲಿ ನಡೆದು ಹೋಗಿದ್ದ. ಚಂದ್ರನನ್ನು ಕಾಣಲು ದಿನಗಟ್ಟಲೆ ನಡೆಯುವ ಯಾತ್ರಿಕ ಒಬ್ಬ. ಚಂದ್ರನ ಕೆಳಗೆ ದಿನವೂ ಸೌದೆ ಸಾಗಿಸುವವನು ಇನ್ನೊಬ್ಬ. ದಾರಿ ಒಂದೇ. ಹಿರೋಶಿಗೆ ತನ್ನ ಹಾಳೆಯಲ್ಲಿ ಬಾಶೋನಂಥವನನ್ನು ನಿಲ್ಲಿಸಬಹುದಿತ್ತು. ದಡದಲ್ಲಿ ಊರುಗೋಲು ಹಿಡಿದ ಯಾತ್ರಿಕನೊಬ್ಬ ತಲೆ ಎತ್ತಿ ನಿಂತಿದ್ದರೆ ನಮಗೆ ಎಷ್ಟು ಅನುಕೂಲವಾಗುತ್ತಿತ್ತು! ಅವನ ಕಣ್ಣಿನಿಂದ ನಾವೂ ನೋಡಿ ‘ಆಹಾ’ ಎನ್ನಬಹುದಿತ್ತು. ಆ ಜಾಗ ಖಾಲಿಯಿದೆ. ಚಂದ್ರನನ್ನು ನೋಡುತ್ತಿರುವವರು ನಾವು ಮಾತ್ರ, ಅದೂ ಚಿತ್ರದ ಹೊರಗೆ ನಿಂತು.

ಇದು ಒಂದೇ ಹಾಳೆಯ ಆಕಸ್ಮಿಕವೇ ಎಂದು ತಿಳಿಯಲು ಇದೇ ಮಾಲೆಯ ಉಳಿದ ಚಂದ್ರರನ್ನು ಹುಡುಕಿದೆ. ‘ಮೊಚಿಝುಕಿ’ ಎಂಬ ಊರಿನ ಹೆಸರಿನಲ್ಲೇ ಹುಣ್ಣಿಮೆಯಿದೆ. ಅಲ್ಲಿ ಚಂದ್ರನಿದ್ದಾನೆ, ಪೈನ್ ಮರಗಳ ಸಾಲಿನ ದಾರಿಯಲ್ಲಿ ಹೊರೆ ಹೊತ್ತ ಕುದುರೆಗಳು ಸಾಗುತ್ತಿವೆ. ‘ನಾಗಾಕುಬೊ’ದಲ್ಲಿ ಬೆಳದಿಂಗಳ ಸೇತುವೆಯ ಮೇಲೆ ಪಯಣಿಗರು ನೆರಳುಗಳಂತೆ ದಾಟುತ್ತಿದ್ದಾರೆ, ಈ ದಡದಲ್ಲಿ ಮಕ್ಕಳು ನಾಯಿಗಳೊಂದಿಗೆ ಆಡುತ್ತಿದ್ದಾರೆ. ‘ಮಿಯಾನೊಕೋಶಿ’ಯಲ್ಲಿ ಮಂಜು ಮುಸುಕಿದ ಬೆಳದಿಂಗಳಲ್ಲಿ ಒಂದು ಸಂಸಾರ ನಡೆದು ಹೋಗುತ್ತಿದೆ, ಮಗು ಅಪ್ಪನ ಬೆನ್ನ ಮೇಲೆ ನಿದ್ದೆ ಹೋಗಿದೆ. ನನ್ನ ಕಣ್ಣಿಗೆ ಕಂಡ ಮಟ್ಟಿಗೆ ಈ ಯಾವ ಹಾಳೆಯಲ್ಲೂ ಚಂದ್ರದರ್ಶನ ನಡೆಯುತ್ತಿಲ್ಲ. ಚಂದ್ರ ಜನರ ಕೆಲಸಕ್ಕೆ, ನಡಿಗೆಗೆ ಬೆಳಕು ಹಿಡಿದಿದ್ದಾನೆ. ದೀಪಕ್ಕೆ ಎಣ್ಣೆ ಬೇಕಾದ ಕಾಲದಲ್ಲಿ ಬೆಳದಿಂಗಳು ಮೊದಲು ಒಂದು ಉಪಯೋಗದ ವಸ್ತು, ಸೊಬಗು ಆಮೇಲೆ. ಈ ಹಾಳೆಗಳನ್ನು ಒಟ್ಟಿಗೆ ನೋಡಿದಾಗ ನನಗೆ ಹೊಳೆದದ್ದು ಇದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ನದಿಯ ಮೇಲಿನ ಪುಟ್ಟ ದೋಣಿಗಾರ ಪೂರ್ವ ಏಷ್ಯಾದ ಚಿತ್ರಕಲೆಯಲ್ಲಿ ಹೊಸಬನೇನಲ್ಲ. ಚೀನಾದ ಚಿತ್ರಪರಂಪರೆಯಲ್ಲಿ ಬೆಸ್ತ ಮತ್ತು ಸೌದೆಯವ ಇಬ್ಬರೂ ಹಳೆಯ ಪಾತ್ರಗಳು. ಅಧಿಕಾರ, ಕಚೇರಿಗಳ ಗೊಡವೆ ಇಲ್ಲದ ಸ್ವತಂತ್ರ ಬಾಳಿನ ಸಂಕೇತಗಳು. ಕಚೇರಿಯ ಕಾಗದಪತ್ರಗಳಲ್ಲಿ ಬೇಸತ್ತ ವಿದ್ವಾಂಸ ಅಧಿಕಾರಿಗಳು ಗೋಡೆಯ ಮೇಲಿನ ಬೆಸ್ತನನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಹಿರೋಶಿಗೆಗೆ ಆ ಪರಂಪರೆ ಗೊತ್ತಿತ್ತು. ಚೀನಾದ ಶ್ಯಾವೊಶ್ಯಾಂಗ್ ಪ್ರದೇಶದ ಎಂಟು ನೋಟಗಳ ಮಾದರಿಯಲ್ಲಿ ಅವನು ಓಮಿ ಪ್ರಾಂತದ ಎಂಟು ನೋಟಗಳನ್ನೇ ಮಾಡಿದ್ದ. ಆ ಎಂಟರಲ್ಲಿ ಶರತ್ಕಾಲದ ಚಂದ್ರ ಒಂದು, ಮರಳಿ ಬರುವ ಹಾಯಿದೋಣಿಗಳು ಇನ್ನೊಂದು. ಹಾಗಿದ್ದರೆ ಸೆಬಾದ ದೋಣಿಗಾರನೂ ಅದೇ ಹಳೆಯ ಪಾತ್ರವಲ್ಲವೇ? ನಗರದ ಗಿರಾಕಿಯ ಸುಖಕ್ಕಾಗಿ ಚಂದ ಮಾಡಿಟ್ಟ ದುಡಿಮೆಯಲ್ಲವೇ?

ಆಕ್ಷೇಪದಲ್ಲಿ ಹುರುಳಿದೆ, ಅದನ್ನು ಪೂರ್ತಿ ತಳ್ಳಿಹಾಕಲಾರೆ. ಎದೊದ ಮನೆಯಲ್ಲಿ ಈ ಹಾಳೆಯನ್ನು ಬಿಡಿಸಿ ನೋಡಿದವನಿಗೆ ದೋಣಿಗಾರನ ಬೆನ್ನುನೋವು ನೆನಪಾಗಿರಲಿಕ್ಕಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ಪರಂಪರೆಯ ಬೆಸ್ತ ಸಾಮಾನ್ಯವಾಗಿ ಬಿಡುವಾಗಿದ್ದಾನೆ. ಗಾಳ ಬಿಟ್ಟು ಕೂತಿರುತ್ತಾನೆ, ಇಲ್ಲವೇ ದೋಣಿಯಲ್ಲೇ ನಿದ್ದೆ ಹೋಗಿರುತ್ತಾನೆ. ವಿದ್ವಾಂಸ ಅವನನ್ನು ನೋಡಿ ಅಸೂಯೆಪಡುವುದು ಆ ಬಿಡುವಿಗಾಗಿಯೇ. ಸೆಬಾದವನಿಗೆ ಬಿಡುವಿಲ್ಲ. ಅವನ ದೋಣಿಯಲ್ಲಿ ಭಾರವಿದೆ, ಕೈಯಲ್ಲಿ ಗಳವಿದೆ. ಹಿರೋಶಿಗೆ ಹಳೆಯ ಪಾತ್ರವನ್ನು ತೆಗೆದುಕೊಂಡು ಅದಕ್ಕೆ ಹೊರೆ ಹೊರಿಸಿದ್ದಾನೆ. ಅವನ ಮೇಲೆ ಕರುಣೆ ಹುಟ್ಟಿಸುವ ಯತ್ನವೂ ಇಲ್ಲ. ಮುಖದ ಹತ್ತಿರಕ್ಕೆ ಹೋಗಿ ದಣಿವನ್ನು ತೋರಿಸಿಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಲು ಹೊರಟವನನ್ನು ಅಡ್ಡಿಪಡಿಸದೆ ಹೋಗಲು ಬಿಟ್ಟಿದ್ದಾನೆ. ಆ ದೂರವನ್ನು ಮೊದಲು ನಾನು ನಿರ್ಲಕ್ಷ್ಯ ಎಂದುಕೊಂಡಿದ್ದೆ. ಈಗ ಅದು ಮರ್ಯಾದೆ ಎಂದು ತೋರುತ್ತದೆ.

ಇನ್ನೊಂದು ದುಡಿಮೆಯ ಬಗ್ಗೆ ಹೇಳದೆ ಈ ಓದು ಪೂರ್ತಿಯಾಗದು. ನಾವು ‘ಹಿರೋಶಿಗೆಯ ಸೆಬಾ’ ಎನ್ನುತ್ತೇವೆ. ಆದರೆ ಈ ಹಾಳೆಯ ಮೇಲೆ ಹಿರೋಶಿಗೆಯ ಕುಂಚ ಒಂದು ಸಲವೂ ತಾಗಿಲ್ಲ. ಮರದಚ್ಚಿನ ಕ್ರಮ ಹೀಗೆ: ಕಲಾವಿದ ತೆಳ್ಳನೆಯ ಕಾಗದದ ಮೇಲೆ ರೇಖೆ ಬರೆದು ಕೊಡುತ್ತಾನೆ. ಕೆತ್ತುವವನು ಅದನ್ನು ಚೆರ್ರಿ ಮರದ ಹಲಗೆಗೆ ಮುಖ ಕೆಳಗೆ ಮಾಡಿ ಅಂಟಿಸಿ, ರೇಖೆಗಳನ್ನು ಉಳಿಸಿ ಉಳಿದದ್ದನ್ನು ಕೆತ್ತಿ ತೆಗೆಯುತ್ತಾನೆ. ಕೆತ್ತನೆಯಲ್ಲಿ ಮೂಲಚಿತ್ರ ನಾಶವಾಗುತ್ತದೆ. ಆಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಕೆತ್ತನೆ. ಅಚ್ಚು ಹಾಕುವವನು ಹಲಗೆಗೆ ಬಣ್ಣ ಬಳಿದು, ಮೇಲೆ ತೇವದ ಕಾಗದ ಇಟ್ಟು, ಬಾರೆನ್ ಎಂಬ ದುಂಡನೆಯ ಸಾಧನದಿಂದ ಕಾಗದದ ಬೆನ್ನನ್ನು ಕೈಯಾರೆ ತಿಕ್ಕುತ್ತಾನೆ. ಮೊದಲ ಬಣ್ಣದ ಜಾಗಕ್ಕೆ ಎರಡನೆಯದು ಕೂದಲೆಳೆಯಷ್ಟೂ ಜರುಗದೆ ಕೂರಲೆಂದು ಹಲಗೆಯ ಅಂಚಿನಲ್ಲಿ ಗುರುತಿನ ಗಾಡಿಗಳಿರುತ್ತವೆ.

ಸೆಬಾದ ಆಕಾಶದಲ್ಲಿ ನೀಲಿ ದಟ್ಟವಾಗಿ ಶುರುವಾಗಿ ಮೆಲ್ಲಗೆ ತಿಳಿಯಾಗುತ್ತದೆ. ನಾನು ‘ಪ್ರಶಾಂತ’ ಎಂದದ್ದು ಬಹುಪಾಲು ಈ ತಿಳಿಯಾಗುವಿಕೆಯನ್ನು ನೋಡಿಯೇ. ಅದಕ್ಕೆ ಬೊಕಾಶಿ ಎಂದು ಹೆಸರು. ಅದು ಹಲಗೆಯಲ್ಲಿ ಕೆತ್ತಿರುವುದಲ್ಲ. ಅಚ್ಚು ಹಾಕುವವನು ಹಲಗೆಯನ್ನು ಒದ್ದೆ ಮಾಡಿ, ಬಣ್ಣವನ್ನು ಬ್ರಷ್ಷಿನಲ್ಲಿ ಎಳೆದು, ಪ್ರತಿ ಹಾಳೆಗೂ ಹೊಸದಾಗಿ ಮಾಡಬೇಕು. ನೂರು ಪ್ರತಿಗೆ ನೂರು ಸಲ. ಆದ್ದರಿಂದಲೇ ಪಕ್ಕಪಕ್ಕ ಇಟ್ಟು ನೋಡಿದ ಪ್ರತಿಗಳಲ್ಲಿ ರಾತ್ರಿ ಒಂದೇ ತೆರನಾಗಿರಲಿಲ್ಲ. ಒಂದರಲ್ಲಿ ಮೋಡ ಮೃದುವಾಗಿ ಹರಡಿದೆ, ಇನ್ನೊಂದರಲ್ಲಿ ಒರಟು. ಬೇಡಿಕೆ ಹೆಚ್ಚಿ ಬೇಗ ಬೇಗ ಅಚ್ಚು ಹಾಕಬೇಕಾದಾಗ ಮೊದಲು ಕಡಿತವಾಗುತ್ತಿದ್ದದ್ದು ಈ ಬೊಕಾಶಿಯೇ. ಆ ಪ್ರಶಾಂತತೆಗೆ ಕೂಲಿಯ ಲೆಕ್ಕವಿತ್ತು; ಸಮಯ ಕೊಟ್ಟಷ್ಟು ಮಾತ್ರ ಅದು ಸಿಗುತ್ತಿತ್ತು.

ಆ ಕಾಲದ ನೀಲಿಯ ಕತೆಯೂ ಸಣ್ಣದಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ, ಡಚ್ ಮತ್ತು ಚೀನೀ ವರ್ತಕರ ಮೂಲಕ ಜಪಾನಿಗೆ ಬಂತು. 1830ರ ಹೊತ್ತಿಗೆ ಅಚ್ಚುಚಿತ್ರಗಳಲ್ಲಿ ಬಳಸುವಷ್ಟು ಅಗ್ಗವಾಯಿತು. ಹೊಕುಸಾಯ್‌ನ ಫುಜಿ ಚಿತ್ರಗಳೂ ಹಿರೋಶಿಗೆಯ ನದಿಗಳೂ ಅಷ್ಟು ಆಳವಾದ ನೀಲಿಯನ್ನು ಪಡೆದದ್ದು ಹೀಗೆ. ‘ಅಪ್ಪಟ ಜಪಾನಿ ಪ್ರಶಾಂತತೆ’ ಎಂದು ನಾವು ಮೆಚ್ಚುವ ಬಣ್ಣ ಹಡಗಿನಲ್ಲಿ ಬಂದ ಸರಕು.

ಚಂದ್ರನ ವಿಚಾರ ಕೊನೆಗೆ ಉಳಿಯಿತು. ನಾನು ನೋಡಿದ ಪ್ರತಿಗಳಲ್ಲಿ ಚಂದ್ರನಿಗೆಂದು ಬೇರೆ ಬಣ್ಣ ಕಾಣುವುದಿಲ್ಲ. ಸುತ್ತ ಬಣ್ಣ ಬಿದ್ದಿದೆ. ಆ ದುಂಡು ಜಾಗದಲ್ಲಿ ಕಾಗದ ಹಾಗೆಯೇ ಉಳಿದಿದೆ. ಏನನ್ನೂ ಮಾಡದೆ ಬಿಟ್ಟ ಜಾಗದಂತೆ ಅದು ತೋರುತ್ತದೆ. ಆದರೆ ಮರದಚ್ಚಿನಲ್ಲಿ ಖಾಲಿ ಜಾಗ ತಾನಾಗಿ ಉಳಿಯುವುದಿಲ್ಲ. ಬಣ್ಣ ತಾಗದಂತೆ ಅಲ್ಲಿನ ಮರವನ್ನು ಕೆತ್ತಿ ತೆಗೆದಿರಬೇಕು. ವಿಲೋ ಕೊಂಬೆಗಳ ಎಳೆಗಳು ಚಂದ್ರನ ಮೇಲೆ ಹಾಯುವ ಕಡೆಯಲ್ಲಂತೂ ಉಳಿ ಎಷ್ಟು ಎಚ್ಚರದಿಂದ ನಡೆದಿರಬೇಕು ಎಂದು ಯೋಚಿಸಿದರೆ ಬೆರಳು ಬಿಗಿಯುತ್ತದೆ. ಇಡೀ ಚಿತ್ರದಲ್ಲಿ ಯಾರ ಕೈಯೂ ಸೋಕದಂತೆ ಕಾಣುವ ಜಾಗ ಬಹುಶಃ ಹೆಚ್ಚು ಕೈಕೆಲಸ ಬೇಡಿದ ಜಾಗ. ಆ ಕೆತ್ತಿದವನ ಹೆಸರು ಹಾಳೆಯ ಮೇಲಿಲ್ಲ. ಹಿರೋಶಿಗೆಯ ಸಹಿ ಇದೆ, ಪ್ರಕಾಶಕನ ಮುದ್ರೆ ಇದೆ.

ಹೀಗೆ ‘ಯಾರಿಗೆ?’ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ: ಪ್ರಶಾಂತ ನಮಗೆ. ದೋಣಿಗಾರನಿಗೆ ಅದು ಮುಗಿಯದ ಕೆಲಸದ ಹೊತ್ತು. ಅಚ್ಚು ಹಾಕಿದವನಿಗೆ ಇನ್ನೊಂದು ಹಾಳೆ. ಹಾಗೆಂದು ಚಿತ್ರ ಸುಳ್ಳು ಹೇಳುತ್ತಿದೆ ಎಂದಾಗಲಿ, ಅದನ್ನು ಮೆಚ್ಚಿದ ನಾವು ಅಪರಾಧಿಗಳೆಂದಾಗಲಿ ನಾನು ವಾದಿಸುತ್ತಿಲ್ಲ. ಇಷ್ಟು ದಿನ ನೋಡಿದ ಮೇಲೂ ಸೆಬಾ ನನಗೆ ನೆಮ್ಮದಿ ಕೊಡುತ್ತದೆ. ಆದರೆ ಆ ನೆಮ್ಮದಿಯನ್ನು ದಡದ, ನೀರಿನ, ಚಂದ್ರನ ಗುಣ ಎಂದು ಹೇಳಿ ನನ್ನನ್ನು ಲೆಕ್ಕದಿಂದ ಬಿಟ್ಟುಕೊಳ್ಳಲು ಈಗ ಆಗುವುದಿಲ್ಲ. ನಿಸರ್ಗದ ಬರಹಗಳನ್ನು ಓದುವಾಗಲೂ ಇದೇ ಸಣ್ಣ ಅಭ್ಯಾಸ ಮಾಡಿಕೊಂಡಿದ್ದೇನೆ. ಬೆಳದಿಂಗಳು ಬಂದ ಕಡೆ ಅದರ ಕೆಳಗೆ ಯಾರು ಎದ್ದಿದ್ದಾರೆ, ಏನು ಹೊತ್ತಿದ್ದಾರೆ ಎಂದು ನೋಡುತ್ತೇನೆ. ಕೆಲವು ಪದ್ಯಗಳಲ್ಲಿ ಯಾರೂ ಇರುವುದಿಲ್ಲ. ಕೆಲವದರಲ್ಲಿ ಇಷ್ಟು ವರ್ಷ ನಾನೇ ನೋಡಿರಲಿಲ್ಲ.

ಅಧ್ಯಾಯವನ್ನು ತಿದ್ದಿ ಮತ್ತೆ ಕೊಟ್ಟಿದ್ದೇನೆ. ‘ಪ್ರಶಾಂತ’ ಎಂಬ ಪದವನ್ನು ತೆಗೆದಿಲ್ಲ. ಅದನ್ನು ಪ್ಯಾರಾದ ಕೊನೆಗೆ ಒಯ್ದಿದ್ದೇನೆ. ಮೊದಲ ವಾಕ್ಯ ಈಗ ಹೀಗಿದೆ: ‘ನದಿಯ ಮೇಲೆ ಇಬ್ಬರು, ಒಬ್ಬನ ದೋಣಿಯ ತುಂಬ ಸೌದೆ.’